ಮುಟ್ಟಿದರೆ ಆಡಲೇಬೇಕು

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮೂಡುಬಿದಿರೆಗೆ ಶಾಲಾ ಮಕ್ಕಳ ಚೆಸ್ ಟೂರ್ನಿಗೆ ಹೋಗಿದ್ದೆ. ಎದುರಿಗೆ ಬಂಟ್ವಾಳ ಕಡೆಯ ಹುಡುಗ. ನನ್ನ ಸರದಿ. ಕುದುರೆಯನ್ನು ಎರಡು ಬೆರಳಲ್ಲಿ ಹಿಡಿದೂ ಆಗಿತ್ತು. ಆಗ ಕಂಡಿತು, ಕುದುರೆ ಕದಲಿದರೆ ರಾಣಿ ಹೋಗ್ತದೆ ಅಂತ. ಕೈ ಬಿಟ್ಟು, "ಸರಿ ಮಾಡಿ ಇಟ್ಟದ್ದು ಮಾರಾಯ" ಅಂದೆ. ಅವನು ಆರ್ಬಿಟರನ್ನು ಕರೆದ. ನೋಡಿದವರು ಯಾರೂ ಇಲ್ಲ. ಅವರು ನನ್ನನ್ನು ಕೇಳಿದರು, ನಾನು ಅದೇ ಸುಳ್ಳು ಹೇಳಿದೆ. ಆಟ ಮುಂದುವರಿಯಿತು. ಗೆದ್ದದ್ದು ನಾನೇ.

ನಿಯಮ ಬಹಳ ಸರಳ. ನಿಮ್ಮ ಸರದಿಯಲ್ಲಿ, ನಡೆಸುವ ಉದ್ದೇಶದಿಂದ ನಿಮ್ಮ ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. ಎದುರಾಳಿಯ ಕಾಯಿ ಮುಟ್ಟಿದರೆ, ಸಾಧ್ಯವಿದ್ದರೆ, ಅದನ್ನು ಹೊಡೆಯಬೇಕು. ಇಟ್ಟು ಕೈ ಬಿಟ್ಟ ಮೇಲೆ ಹಿಂದೆ ತೆಗೆಯುವಂತಿಲ್ಲ. ಓರೆಯಾಗಿ ನಿಂತ ಕಾಯಿಯನ್ನು ಸರಿಮಾಡಬಹುದು, ಆದರೆ ಮುಟ್ಟುವ ಮೊದಲೇ ಹೇಳಬೇಕು. ಅದಕ್ಕೆ ಫ್ರೆಂಚಿನ 'ಜದೂಬ್' ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲುಂಟು. ನಾನು ಮಾಡಿದ ಹಾಗೆ ಮುಟ್ಟಿದ ಮೇಲೆ ಹೇಳಿದರೆ ನಡೆಯುವುದಿಲ್ಲ.

ಇದು ಫಿಡೆ ತಂದ ನಿಯಮವೇನಲ್ಲ. ಫಿಡೆ ಹುಟ್ಟಿದ್ದು 1924ರಲ್ಲಿ. ಅದಕ್ಕೂ ಮುಂಚೆ, 1786ರಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಚೆಸ್ಸಿನ ನೀತಿಯ ಬಗ್ಗೆ ಬರೆದ ಪ್ರಬಂಧದಲ್ಲೇ ಈ ಮಾತು ಉಂಟು. ಮುಟ್ಟಿದ್ದನ್ನು ನಡೆಸುವ ಕಟ್ಟುಪಾಡಿನಿಂದ ಮನುಷ್ಯ ದುಡುಕದಿರಲು ಕಲಿಯುತ್ತಾನೆ ಎಂಬುದು ಅವರ ವಾದ.

ನನಗೆ ಕಾಣುವ ಕಾರಣ ಬೇರೆ. ಅದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ, ಬೆಳ್ತಂಗಡಿ ಸಾಕು. ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡ ಧ್ವನಿಮುದ್ರಿಸಿಕೊಂಡಿತು. ವಿವೇಕ ರೈ, ಚಿನ್ನಪ್ಪ ಗೌಡರು ಆ ಕೆಲಸದಲ್ಲಿ ಜೊತೆಗಿದ್ದರು. 15,683 ಸಾಲುಗಳ ಆ ಹಾಡು 1998ರಲ್ಲಿ ಪುಸ್ತಕವಾಯಿತು. ಅದರ ಕೊನೆಯಲ್ಲಿ ಸಿರಿಯ ಮೊಮ್ಮಕ್ಕಳಾದ ಅವಳಿಗಳು, ಅಬ್ಬಗ ಮತ್ತು ದಾರಗ, ಚೆನ್ನೆಮಣೆ ಆಡಲು ಕೂರುತ್ತಾರೆ. ಆಟ ಜಗಳಕ್ಕೆ ತಿರುಗುತ್ತದೆ. ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆಯುತ್ತಾಳೆ. ಕಡೆಗೆ ಇಬ್ಬರೂ ಉಳಿಯುವುದಿಲ್ಲ.

ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಯಲ್ಲೂ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಅಂತ ಅಜ್ಜಿ ಬಿಡುತ್ತಿರಲಿಲ್ಲ. ಗುಳಿಯಿಂದ ಕಾಯಿ ಎತ್ತಿದರೆ ಹಾಕಿಯೇ ಮುಗಿಸಬೇಕು, ವಾಪಸ್ ಇಟ್ಟರೆ ಸೋತ ಹಾಗೆ, ಇದೂ ಅವರದೇ ಕಾನೂನು. ಆಗ ಅದು ಮಕ್ಕಳ ಮೇಲಿನ ದರ್ಬಾರು ಅಂತ ಅನಿಸುತ್ತಿತ್ತು. ಮಣೆ ಎಲ್ಲಿಯವರೆಗೆ ಹೋಗಬಹುದು ಅಂತ ಅಜ್ಜಿಗೆ ಗೊತ್ತಿತ್ತು, ಅಷ್ಟೆ.

ಆದರೆ ನಿಯಮ ಇದ್ದ ಮಾತ್ರಕ್ಕೆ ಆಗಲಿಲ್ಲ. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ವಿಶ್ವದ ನಂಬರ್ ಒನ್ ಕ್ಯಾಸ್ಪರೋವ್ ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಮತ್ತೆ ಎತ್ತಿ ಬೇರೆ ಮನೆಗೆ ಹಾಕಿದರು. ಎದುರಿಗಿದ್ದ ಜುಡಿತ್ ಪೋಲ್ಗಾರ್‌ಗೆ ಆಗ 17 ವರ್ಷ. ದೊಡ್ಡ ಟೂರ್ನಿ, ದೊಡ್ಡ ಆಟಗಾರ. ಆಕೆ ಆಗಲೇ ದೂರು ಕೊಡಲಿಲ್ಲ, ಆಟ ಸೋತರು. ಕೈ ಬಿಟ್ಟದ್ದು ತನಗೆ ಗೊತ್ತೇ ಆಗಲಿಲ್ಲ ಎಂಬುದು ಕ್ಯಾಸ್ಪರೋವ್ ಮಾತು. ಟಿವಿಯವರ ವಿಡಿಯೋದಲ್ಲಿ ಬೆರಳು ಸುಮಾರು ಕಾಲು ಸೆಕೆಂಡು ಕುದುರೆಯಿಂದ ದೂರ ಇತ್ತು.

ದೂರು ಕೊಡಲಿಕ್ಕೂ ಗಡುವುಂಟು. ತಾನು ಕಾಯಿ ಮುಟ್ಟಿದ ಮೇಲೆ ಎದುರಾಳಿಗೆ ಆ ಹಕ್ಕಿಲ್ಲ. ಅಂದರೆ ಕ್ಯಾಮರಾ ಇಲ್ಲದ ಮೇಜಿನಲ್ಲಿ ಈ ನಿಯಮ ನಿಂತಿರುವುದು ಮುಟ್ಟಿದವನ ಬಾಯಿಯ ಮೇಲೆ. ಅವನು ಹೌದು ಅಂದರೆ ನಿಯಮ ಉಂಟು, ಇಲ್ಲ ಅಂದರೆ ಇಲ್ಲ.

ಈಗ ನಾನು ಆಡುವುದು ಬೆಂಗಳೂರಿನ ಮೆಟ್ರೋದಲ್ಲಿ, ಫೋನಿನಲ್ಲಿ. ಅಲ್ಲಿ ಒಂದು ಕಾಯಿ ಮುಟ್ಟಿ ಇನ್ನೊಂದನ್ನು ಆಡಿದರೂ ಕೇಳುವವರಿಲ್ಲ. ಆದರೂ ಕುದುರೆಯ ಮೇಲೆ ಬೆರಳಿಟ್ಟಾಗಲೆಲ್ಲ ಬಂಟ್ವಾಳದ ಹುಡುಗ ನೆನಪಾಗ್ತಾನೆ. ಆರ್ಬಿಟರ್ ಹೋದ ಮೇಲೆ ಅವನು ಜಗಳ ಮಾಡಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಆಟ ಮುಂದುವರಿಸಿದ. ಕೊನೆಯಲ್ಲಿ ಕೈ ಕುಲುಕಿದ್ದೂ ಅವನೇ ಮೊದಲು.