ಶ್ರೀಕೃಷ್ಣ ಪಾರಿಜಾತ: ಹಾಸ್ಯ ಪ್ರಸಂಗಗಳು

ಶ್ರೀಕೃಷ್ಣ ಪಾರಿಜಾತ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೆಳೆದ ಸಣ್ಣಾಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಬರೀ ‘ಪಾರಿಜಾತ’ ಎಂದರೆ ಸಾಕು. ನಾರದ ತಂದ ದೇವಲೋಕದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಕಿವಿಗೆ ಬಿದ್ದ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಹರಿವಂಶದಲ್ಲಿ ಈ ಕಥೆ ಇಂದ್ರನೊಡನೆ ಕಾಳಗದವರೆಗೆ ಹೋಗುತ್ತದೆ. ಸಣ್ಣಾಟದ ಲಕ್ಷ್ಯವೆಲ್ಲ ಗಂಡ ಹೆಂಡಿರ ಮುನಿಸಿನ ಮೇಲೆಯೇ. ನಗೆ ಹುಟ್ಟುವುದೂ ಅಲ್ಲಿಂದಲೇ.

ಈ ಆಟಕ್ಕೆ ಮೂಲವಾದ ಅಪರಾಳ ತಮ್ಮಣ್ಣನ ಕೃತಿಯನ್ನು 19ನೇ ಶತಮಾನದಲ್ಲಿ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿ ಆಟಕ್ಕೆ ಒಗ್ಗಿಸಿದ. ಮುಂದೆ ಕೌಜಲಗಿ ನಿಂಗಮ್ಮನ ಮೇಳ ಇದನ್ನು ಮನೆಮಾತಾಗಿಸಿತು. ಹಾಡುಗಳು ಬಹುಮಟ್ಟಿಗೆ ಕಟ್ಟಿಟ್ಟವು. ನಡುವಿನ ಮಾತು ಮಾತ್ರ ಆಡುವವರ ಜಾಣ್ಮೆಗೆ ಬಿಟ್ಟದ್ದು. ಹಾಸ್ಯದ ಹೆಚ್ಚಿನ ಪಾಲು ಈ ಮಾತಿನಲ್ಲಿರುವುದರಿಂದ, ಅಚ್ಚಾದ ಪುಸ್ತಕ ಓದಿದವರಿಗೆ ಪಾರಿಜಾತದ ಅರ್ಧ ಸೊಗಸಷ್ಟೇ ದಕ್ಕುತ್ತದೆ.

ಮಾತಿನ ಸೂತ್ರ ಭಾಗವತನ ಕೈಯಲ್ಲಿ. ಅವನು ಕಥೆ ನಡೆಸುವವನೂ ಹೌದು, ಪಾತ್ರಗಳನ್ನು ಕೆಣಕುವವನೂ ಹೌದು. ರಂಗಕ್ಕೆ ಬಂದವರನ್ನೆಲ್ಲ ಊರು, ಹೆಸರು, ಬಂದ ಕಾರಣ ಕೇಳುತ್ತಾನೆ. ದ್ವಾರಕೆಯ ರಾಣಿಗೂ “ಯಾರ್‍ರೀ ತಾಯಿ, ಯಾವೂರಿಂದ ಬಂದ್ರಿ?” ಎಂಬ ಧಾಟಿಯೇ. ಭಾಮೆ ತನ್ನ ಹಿರಿಮೆ ಬಿಚ್ಚಿದಷ್ಟೂ ಅವನು ಅರಿಯದವನಂತೆ ಇನ್ನೊಂದು ಪ್ರಶ್ನೆ ಎಸೆಯುತ್ತಾನೆ. ಅವಳ ಬಿಂಕ ಏರಿದಷ್ಟೂ ಕೂತ ಜನರ ನಗೆ ಏರುತ್ತದೆ. ಆಂಧ್ರದ ಕೂಚಿಪುಡಿ ಭಾಮಾಕಲಾಪದಲ್ಲಿ ಭಾಮೆಯ ಸಖಿ ಮಾಧವಿ ಮಾಡುವ ಕೆಲಸವೂ ಇದೇ ಬಗೆಯದು. 1966ರ ತೆಲುಗು ಚಿತ್ರ ‘ಶ್ರೀಕೃಷ್ಣ ತುಲಾಭಾರಂ’ನಲ್ಲಿ ಜಮುನಾ ಅಭಿನಯಿಸಿದ ಭಾಮೆಯ ಠೀವಿ ಹೆಸರಾಯಿತು. ಆದರೆ ಎದುರಿಗೇ ನಿಂತು ಕಾಲೆಳೆಯುವ ಇಂಥ ಭಾಗವತ ಇರುವುದು ಬಯಲಿನಲ್ಲೇ.

ಆಟದ ಮೊದಲ ಭಾಗದಲ್ಲಿ ಬರುವ ಗೊಲ್ಲತಿ ಹಾಲು ಮೊಸರು ಮಾರುವ ಹೆಣ್ಣು. ಅಡ್ಡಗಟ್ಟಿದವರಿಗೆ ಸೊಪ್ಪು ಹಾಕುವವಳಲ್ಲ, ಚೌಕಾಸಿಯ ಜೊತೆಗೇ ಚುಚ್ಚುಮಾತು ಕೊಟ್ಟು ಕಳಿಸುತ್ತಾಳೆ. ಗಡಿಯಾಚೆಯ ಮರಾಠಿ ತಮಾಶಾದ ‘ಗವಳಣ’ ಇದಕ್ಕೆ ತೀರ ಹತ್ತಿರ: ಅಲ್ಲಿ ಮಥುರೆಯ ಸಂತೆಗೆ ಹೊರಟ ಗೌಳಿತಿಯರನ್ನು ಕೃಷ್ಣ ಮತ್ತು ಅವನ ಗೆಳೆಯ ಪೆಂದ್ಯಾ ತಡೆಯುತ್ತಾರೆ, ಗೌಳಿತಿಯರ ಹಿರಿಯಳಾದ ಮಾವಶಿ ಎದುರು ವಾದಿಸುತ್ತಾಳೆ. ಎರಡೂ ಭಾಷೆ ಬಲ್ಲ ನಿಪ್ಪಾಣಿ, ಕಾಗವಾಡದ ಪ್ರೇಕ್ಷಕರು ಇವೆರಡನ್ನೂ ತಮ್ಮದೆಂದೇ ನೋಡಿ ಸವಿಯಬಲ್ಲವರು.

ಎಲ್ಲಕ್ಕೂ ಮಿಗಿಲಾದದ್ದು ಕೊರವಂಜಿ ಪ್ರಸಂಗ. ಕೃಷ್ಣನೇ ಕೊರವಂಜಿಯ ವೇಷ ತೊಟ್ಟು ಕಣಿ ಹೇಳಲು ಭಾಮೆಯ ಮನೆಗೆ ಬರುತ್ತಾನೆ. ವೇಷದೊಳಗೆ ಯಾರಿದ್ದಾರೆಂದು ಜನಕ್ಕೆಲ್ಲ ಗೊತ್ತು, ಕೈ ಚಾಚಿದ ಭಾಮೆಗೆ ಮಾತ್ರ ಗೊತ್ತಿಲ್ಲ. ಗಂಡನ ಮೇಲಿನ ಅವಳ ದೂರನ್ನು ಆ ಗಂಡನೇ ಕೇಳಿಸಿಕೊಳ್ಳಬೇಕು, ತಲೆಯಾಡಿಸಬೇಕು, ಕಣಿಯ ನೆವದಲ್ಲಿ ಜವಾಬೂ ಕೊಡಬೇಕು. ನಟನ ಕಸುಬು ಇಲ್ಲಿ ಒರೆಗೆ ಹತ್ತುತ್ತದೆ: ದನಿ ಕೊರವಂಜಿಯದು, ಒಳಗಿನ ಕಳವಳ ಕೃಷ್ಣನದು, ಎರಡೂ ಒಟ್ಟಿಗೆ ಕಾಣಬೇಕು. ಬರೀ ಹೆಣ್ಣುವೇಷದ ಕುಣಿತಕ್ಕೆ ಇಳಿಸಿದರೆ ಪ್ರಸಂಗ ಸಪ್ಪೆಯಾಗುತ್ತದೆ. ಭಾಮೆ ನಿಜಕ್ಕೂ ನೊಂದವಳೆಂಬುದನ್ನು ಮರೆಯದೆ ಆಡುವ ಮೇಳದಲ್ಲಿ, ನಗುತ್ತಿದ್ದ ಜನ ಅವಳ ಪಕ್ಷ ವಹಿಸಿ ಕೃಷ್ಣನಿಗೇ ಬುದ್ಧಿ ಹೇಳತೊಡಗುತ್ತಾರೆ.