ಬೆನ್ನು ತಿರುಗಿಸಿ ಕೂತ ಕೂಸು

ಬಳ್ಳಾರಿಯಿಂದ ಬೆಂಗಳೂರಿನ ಹೆದ್ದಾರಿ ಹಿಡಿದವರಿಗೆ ಊರು ದಾಟಿದ ಸ್ವಲ್ಪ ಹೊತ್ತಿಗೆಲ್ಲ ಹಲಕುಂದಿ ಸಿಕ್ಕುತ್ತದೆ. ಅಲ್ಲಿ ರಸ್ತೆಯ ಬದಿಗೆ ಅರ್ಧ ಗಂಟೆ ನಿಂತು ಹೋಗಿಬರುವ ಕಾರುಗಳನ್ನು ನೋಡಿದರೆ ಒಂದು ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಚಾಲಕನ ಪಕ್ಕದಲ್ಲಿ ತಾಯಿ, ಆಕೆಯ ತೊಡೆಯ ಮೇಲೆ ಕೂಸು, ಕೂಸಿನ ಎರಡು ಅಂಗೈಗಳೂ ಎದುರಿನ ಹಲಗೆಯ ಮೇಲೆ. ಪರದೇಶದ ವಿಮಾನ ಹತ್ತಲು ಹೊರಟ ಸಂಸಾರವೂ ಹೀಗೆಯೇ ಹೋಗುತ್ತದೆ. ಆದರೆ ಅದೇ ಕೂಸು ಅಮೆರಿಕದಲ್ಲೋ ಸ್ವೀಡನ್ನಿನಲ್ಲೋ ಮನೆಯವರ ಕಾರು ಹತ್ತುವಾಗ ಅಮ್ಮನ ತೊಡೆ ಬಿಡಬೇಕಾಗುತ್ತದೆ. ಅಲ್ಲಿ ಅದಕ್ಕೆ ತನ್ನದೇ ಪೀಠ, ತನ್ನದೇ ಪಟ್ಟಿ. ಮೇಲಾಗಿ ಮುಖ ಹಿಂದಕ್ಕೆ! ಎಲ್ಲರೂ ಮುಂದೆ ನೋಡುತ್ತ ಹೋಗುವಾಗ ಮಗುವೊಂದನ್ನೇ ಹೀಗೆ ತಿರುಗಿಸಿ ಕೂರಿಸುವುದೇಕೆ ಎಂದು ಊರಿನಲ್ಲಿ ಅಜ್ಜಿ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಲು ಸ್ವಲ್ಪ ಇತಿಹಾಸವನ್ನು ತಿರುವಿ ನೋಡಬೇಕು.

ಕಾರಿನಲ್ಲಿ ಮಗುವಿಗೆಂದು ಬೇರೆ ಪೀಠ ೧೯೩೦ರ ದಶಕದಷ್ಟು ಹಿಂದೆಯೇ ಬಂದಿತ್ತು. ಆದರೆ ಅದರ ಉದ್ದೇಶ ರಕ್ಷಣೆಯಲ್ಲ. ಮಗು ಅತ್ತಿತ್ತ ಓಡಾಡದಿರಲಿ, ತುಸು ಎತ್ತರದಲ್ಲಿ ಕೂತು ಕಿಟಕಿಯಾಚೆ ನೋಡಲಿ, ಹೆತ್ತವರ ಕಣ್ಣೆದುರಿಗಿರಲಿ ಎಂಬುದಷ್ಟೇ. ೧೯೫೯ರಲ್ಲಿ ಸ್ವೀಡನ್ನಿನ ವೋಲ್ವೋ ಕಾರ್ಖಾನೆಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸುರಕ್ಷಾ ಪಟ್ಟಿ ಕಾರುಗಳಿಗೆ ಬಂತು. ದೊಡ್ಡವರ ಭುಜ ಮತ್ತು ಸೊಂಟಕ್ಕೆ ಹೊಂದುವಂತೆ ಮಾಡಿದ ಆ ಪಟ್ಟಿ ಲಕ್ಷಾಂತರ ಜೀವಗಳನ್ನು ಉಳಿಸಿದೆ. ಕೂಸಿಗೆ ಮಾತ್ರ ಅದು ಹೊಂದಲಿಲ್ಲ.

ಆ ಕೊರತೆಯನ್ನು ತುಂಬಲು ಯೋಚಿಸಿದವನು ಅದೇ ದೇಶದ ವೈದ್ಯ, ಮುಂದೆ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ ಬರ್ಟಿಲ್ ಆಲ್ಡ್‌ಮನ್. ಅಮೆರಿಕದ ಜೆಮಿನಿ ಯೋಜನೆಯ ವ್ಯೋಮಯಾತ್ರಿಗಳು ರಾಕೆಟ್ಟಿನ ಅಗಾಧವಾದ ಒತ್ತಡವನ್ನು ಇಡೀ ಬೆನ್ನಿನ ಮೇಲೆ ಹರಡಿಕೊಳ್ಳುವಂತೆ ಒರಗಿ ಮಲಗುತ್ತಿದ್ದರು. ಈ ಉಪಾಯ ಮಗುವಿಗೂ ಸಲ್ಲಬಾರದೇಕೆ ಎಂಬುದು ಆಲ್ಡ್‌ಮನ್ನನ ಆಲೋಚನೆ. ೧೯೬೪ರಲ್ಲಿ ಹಿಮ್ಮುಖ ಪೀಠದ ಮೊದಲ ಮಾದರಿಯನ್ನು ವೋಲ್ವೋ ಕಾರಿನಲ್ಲಿ ಪರೀಕ್ಷಿಸಿದರು. ೧೯೭೨ರಲ್ಲಿ ಆ ಕಂಪನಿಯ ಹಿಮ್ಮುಖ ಪೀಠ ಮಾರುಕಟ್ಟೆಗೆ ಬಂತು.

ಇದರ ಹಿಂದಿನ ಗಣಿತ ಸರಳವಾದದ್ದು. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೂ ಸುಮಾರು ೧೦ ಮೀಟರ್ ಎತ್ತರದಿಂದ, ಎಂದರೆ ಮೂರಂತಸ್ತಿನ ಮಹಡಿಯಿಂದ, ಬೀಳುವುದೂ ಒಂದೇ. ಆ ವೇಗದ ಕಾರು ಅರ್ಧ ಮೀಟರಿನೊಳಗೆ ನಿಂತುಬಿಟ್ಟರೆ, ೧೦ ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು ೨೦೦ ಕಿಲೋ ಭಾರ ತಡೆಯುವಷ್ಟು ಬಲ ಬೇಕು. ಕ್ವಿಂಟಲ್ ತೂಗುವ ಎರಡು ಜೋಳದ ಮೂಟೆಗಳು ಒಮ್ಮೆಗೇ ಕೈಗೆ ಬಂದು ಬಿದ್ದಂತೆ! ಯಾವ ತಾಯಿಯ ತೋಳಿಗೆ ಆ ಶಕ್ತಿಯಿದೆ? ಇನ್ನು ಮಗುವಿನ ತಲೆ. ಹುಟ್ಟಿದಾಗ ಅದು ದೇಹದ ಉದ್ದದಲ್ಲಿ ನಾಲ್ಕನೆಯ ಒಂದು ಪಾಲು. ಅದನ್ನು ಹೊರುವ ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ನಡುನಡುವೆ ಮೆದುವಾದ ಮೃದ್ವಸ್ಥಿ. ಮುಂದಕ್ಕೆ ಮುಖಮಾಡಿ ಕೂತಾಗ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆ ಮುಂದಕ್ಕೆ ಚಿಮ್ಮುತ್ತದೆ, ನಡುವೆ ಕತ್ತು ಸೆಳೆತಕ್ಕೆ ಸಿಕ್ಕುತ್ತದೆ. ಹಿಮ್ಮುಖವಾಗಿ ಕೂತರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಪೀಠಕ್ಕೆ ಒತ್ತಿಕೊಳ್ಳುತ್ತವೆ.

ನಮ್ಮ ಅಜ್ಜಿಯರಿಗೆ ಇದು ಹೊಸ ಮಾತೇನಲ್ಲ. ಎಳೆಗೂಸನ್ನು ಯಾರಾದರೂ ಎತ್ತಿಕೊಳ್ಳಹೋದರೆ ಅವರ ಮೊದಲ ಎಚ್ಚರಿಕೆಯೇ “ಕತ್ತಿಗೆ ಕೈ ಕೊಡು” ಎಂಬುದು. ಹಿಮ್ಮುಖ ಪೀಠ ಮಾಡುವ ಕೆಲಸವೂ ಅಷ್ಟೇ: ವೇಗದ ಕಾಲದಲ್ಲಿ ಕತ್ತಿಗೆ ಕೊಟ್ಟ ಕೈ ಅದು.

ತೊಡೆಯೇ ಸುರಕ್ಷಿತವೆಂಬ ಭ್ರಮೆ ನಮ್ಮವರದು ಮಾತ್ರವೆಂದು ಯಾರೂ ನಾಚಬೇಕಾಗಿಲ್ಲ. ಮಕ್ಕಳ ಕಾರುಪೀಠವನ್ನು ಕಡ್ಡಾಯ ಮಾಡಿದ ಅಮೆರಿಕದ ಮೊದಲ ಸಂಸ್ಥಾನ ಟೆನ್ನೆಸ್ಸಿ. ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಪಟ್ಟುಹಿಡಿದು ಹೋರಾಡಿದ್ದರಿಂದ ೧೯೭೭ರಲ್ಲಿ ಅಂಗೀಕೃತವಾದ ಆ ಕಾನೂನು ೧೯೭೮ರ ಜನವರಿಯಿಂದ ಜಾರಿಗೆ ಬಂತು. ಆದರೆ ಮಗುವನ್ನು ದೊಡ್ಡವರು ತೋಳಿನಲ್ಲಿ ಹಿಡಿದುಕೊಂಡರೂ ಸಾಕೆಂಬ ವಿನಾಯಿತಿಯೊಂದು ಅದರಲ್ಲಿ ಸೇರಿಕೊಂಡಿತ್ತು. ತಿಳಿದವರು ಅದನ್ನು ಮಗುವನ್ನು ಜಜ್ಜುವ ತಿದ್ದುಪಡಿ ಎಂದು ಜರೆದರು. ಅದನ್ನು ತೆಗೆದುಹಾಕುವ ಹೊತ್ತಿಗೆ ೧೯೮೧ ಬಂದಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೨೦೧೧ರಲ್ಲಿ ಎರಡು ವರ್ಷದವರೆಗೆ ಹಿಮ್ಮುಖವೇ ಲೇಸೆಂದಿತು. ೨೦೧೮ರಲ್ಲಿ ವಯಸ್ಸಿನ ಗೆರೆಯನ್ನೂ ಬಿಟ್ಟು, ಪೀಠದ ತೂಕ ಹಾಗೂ ಎತ್ತರದ ಮಿತಿ ಮುಟ್ಟುವವರೆಗೆ ಎಂದಿತು. ಯೂರೋಪಿನ ೧೨೯ನೆಯ ನಿಯಮ ಕನಿಷ್ಠ ೧೫ ತಿಂಗಳು ಎನ್ನುತ್ತದೆ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳು ಹಿಮ್ಮುಖವಾಗಿ ಕೂರುವುದು ರೂಢಿ. ನಮ್ಮಲ್ಲಿಯೂ ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ ೧೪ ವರ್ಷದೊಳಗಿನ ಮಗುವನ್ನು ಪಟ್ಟಿಯಿಂದಲೋ ಮಕ್ಕಳ ಪೀಠದಿಂದಲೋ ಭದ್ರಪಡಿಸದಿದ್ದರೆ ೧೦೦೦ ರೂಪಾಯಿ ದಂಡವುಂಟು. ಕಾನೂನು ಬಂದಿದೆ, ರೂಢಿ ಬರಬೇಕು.

ಇನ್ನು ಹೊರಡುವವರಿಗೆ ನಾಲ್ಕು ಮಾತು. ಹೋಗುವ ದೇಶ ಯಾವುದೋ ಅಲ್ಲಿನ ನಿಯಮಕ್ಕೆ ಒಪ್ಪುವ ಪೀಠವನ್ನೇ ಕೊಳ್ಳಬೇಕು. ಅಮೆರಿಕದ ನಿಯಮವೇ ಬೇರೆ, ಯೂರೋಪಿನದೇ ಬೇರೆ. ಒಂದರ ಮುದ್ರೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಆದ್ದರಿಂದ ಊರಿನಿಂದ ಉಡುಗೊರೆಯಾಗಿ ಕಳಿಸುವ ಆಸೆಯುಳ್ಳವರು ಪೀಠದ ಬದಲು ಹಣ ಕಳಿಸುವುದು ಮೇಲು. ಹಿಮ್ಮುಖವಾಗಿಯೇ ಹೆಚ್ಚು ತೂಕ, ಹೆಚ್ಚು ಎತ್ತರ ತಾಳುವ ಪೀಠವನ್ನು ಆರಿಸಿ, ಅದು ತಮ್ಮ ಕಾರಿನಲ್ಲಿ ಅಲುಗಾಡದೆ ಕೂರುವುದೋ ಎಂದು ನೋಡಬೇಕು. ಚಾಲೂ ಇರುವ ಏರ್‌ಬ್ಯಾಗಿನ ಎದುರು ಹಿಮ್ಮುಖ ಪೀಠವನ್ನು ಎಂದೂ ಇಡಬಾರದು. ರಕ್ಷಿಸಬೇಕಾದ ಆ ಚೀಲವೇ ಅಲ್ಲಿ ಮೃತ್ಯುವಾದೀತು. ಅಪಘಾತ ಕಂಡಿದೆಯೋ ಇಲ್ಲವೋ ಎಂಬ ಪೂರ್ವೋತ್ತರ ತಿಳಿಯದ ಹಳೆಯ ಪೀಠವೂ ಬೇಡ. ಬಳ್ಳಾರಿಯ ಬಿಸಿಲಿನಿಂದ ಹಿಮದ ನಾಡಿಗೆ ಹೋದವರು ದಪ್ಪ ಕೋಟಿನ ಮೇಲೆ ಪಟ್ಟಿ ಬಿಗಿಯುವುದುಂಟು. ಅದು ಸಡಿಲವಾಗಿಯೇ ಉಳಿಯುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಕಂಬಳಿ. ಕಾಲು ಮಡಚಿಕೊಳ್ಳಬೇಕಲ್ಲ ಎಂಬ ಮರುಕವೂ ಬೇಡ. ಚಕ್ಕಳಮಕ್ಕಳ ಹಾಕಿ ಕೂರುವುದು ಮಗುವಿಗೆ ಕಷ್ಟವೇನಲ್ಲ.

ರಜೆಗೆ ಬಂದ ಆ ಮಗು ಮತ್ತೆ ಹಲಕುಂದಿಯ ದಾರಿಯಲ್ಲಿ ಹೋಗುವಾಗ ಏನಾಗುತ್ತದೆ? ಅಲ್ಲಿ ನಾಲ್ಕು ವರ್ಷ ಬಿಗಿದ ಪಟ್ಟಿ ಇಲ್ಲಿ ಒಂದೇ ದಿನದಲ್ಲಿ ಬಿಚ್ಚಿಹೋಗಿ, ಮಗು ಮತ್ತೆ ತೊಡೆಯೇರುತ್ತದೆ. ದೇಶ ಬದಲಾದರೆ ಕಾನೂನು ಬದಲಾದೀತು. ವೇಗದ ಗಣಿತವಾಗಲಿ, ಎಳೆಯ ಕತ್ತಿನ ಮೆದುತನವಾಗಲಿ ಬದಲಾಗುವುದಿಲ್ಲ. ವಿದೇಶಕ್ಕೆ ಹೊರಟ ಕೂಸಿಗೆ ನಾವು ಹುಡುಕುವ ಪೀಠ, ಇಲ್ಲಿಯೇ ಉಳಿಯುವ ಕೂಸಿಗೂ ಬೇಕು.