ಕುಂಡದಲ್ಲಿ ಊರೂರು ಸುತ್ತಿದ ದೊಡ್ಡಪತ್ರೆ

ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳ ಗ್ಯಾಲರಿಯಲ್ಲಿ ತುಳಸಿಯ ಪಕ್ಕದಲ್ಲಿ ಅನೇಕ ವೇಳೆ ಕಾಣುವ ಗಿಡ ದೊಡ್ಡಪತ್ರೆ. ಕುಂಡವೇ ಆಗಬೇಕೆಂದಿಲ್ಲ, ಹಳೆಯ ಎಣ್ಣೆ ಡಬ್ಬಕ್ಕೆ ತಳದಲ್ಲಿ ತೂತಿದ್ದು ನೀರು ನಿಲ್ಲದಿದ್ದರೆ ಸಾಕು. ತಂಬುಳಿಗೂ ಮಕ್ಕಳ ಕೆಮ್ಮು ನೆಗಡಿಗೂ ಒದಗುವ ಈ ಸೊಪ್ಪು ನಮ್ಮದೇ ಎಂಬಷ್ಟು ಒಗ್ಗಿಹೋಗಿದೆ. ಇದರ ಚರಿತ್ರೆಯಾದರೋ ಬಹು ವಿಶಾಲವಾದುದು.

ವಿಯೆಟ್ನಾಮಿನಲ್ಲಿ ದೀರ್ಘಕಾಲವಿದ್ದ ಪೋರ್ಚುಗೀಸ್ ಪಾದ್ರಿ ಲೋರೆಯಿರೊ 1790ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಇದಕ್ಕೆ 'ಕೋಲಿಯಸ್ ಅಂಬೋಯ್ನಿಕಸ್' ಎಂದು ಹೆಸರಿಟ್ಟನು. ಅಂಬೋಯ್ನ ಎಂಬುದು ಇಂಡೋನೇಷ್ಯದ ಒಂದು ಸಾಂಬಾರ ದ್ವೀಪ. ಆದರೆ ಈ ಗಿಡ ಪೂರ್ವ ಮತ್ತು ದಕ್ಷಿಣ ಆಫ್ರಿಕದಲ್ಲಿ ತಾನಾಗಿ ಬೆಳೆಯುವ ಕಾಡುಗಿಡ! ನಡುವೆ ಬೇರೊಂದು ಕುಲಕ್ಕೆ ಸೇರಿಸಿದ್ದ ಸಸ್ಯಶಾಸ್ತ್ರಜ್ಞರು 2019ರಲ್ಲಿ ಮತ್ತೆ ಹಳೆಯ ಹೆಸರಿಗೇ ಮರಳಿದರು.

ಇಂಗ್ಲಿಷಿನಲ್ಲಿ ಇದಕ್ಕೆ 'ಕ್ಯೂಬನ್ ಓರೆಗಾನೊ', 'ಸ್ಪ್ಯಾನಿಷ್ ಥೈಮ್', 'ಮೆಕ್ಸಿಕನ್ ಮಿಂಟ್', 'ಇಂಡಿಯನ್ ಬೋರೇಜ್' ಎಂದೆಲ್ಲ ಹೆಸರುಗಳಿವೆ. ಒಂದೇ ಗಿಡಕ್ಕೆ ನಾಲ್ಕು ದೇಶಗಳ ವಿಳಾಸ! ಓಮಕ್ಕೆ ಘಾಟು ಕೊಡುವ ಥೈಮಾಲ್, ಓರೆಗಾನೊ ಸೊಪ್ಪಿನಲ್ಲಿರುವ ಕಾರ್ವಕ್ರಾಲ್ ಎರಡೂ ಇದರ ಎಲೆಯ ಎಣ್ಣೆಯಲ್ಲಿವೆ. ಆದ್ದರಿಂದ ಕಂಡವರೆಲ್ಲ ತಮಗೆ ಪರಿಚಿತವಾದ ವಾಸನೆಯ ಹೆಸರನ್ನು ಇದಕ್ಕೆ ಹಚ್ಚಿದರು. ಮರಾಠಿಗರ 'ಪಾನ್ ಓವಾ', ತೆಲುಗರ 'ವಾಮಾಕು', ತಮಿಳರ 'ಓಮವಲ್ಲಿ' ಇವೆಲ್ಲ ಓಮವನ್ನೇ ನೆನೆಯುತ್ತವೆ. ಕನ್ನಡಿಗರು ಎಲೆಯ ಗಾತ್ರವನ್ನು ನೋಡಿ ದೊಡ್ಡಪತ್ರೆ ಎಂದರು. ಅಡಿಗೆಯನ್ನು ನೆನೆದು ಸಾಂಬಾರ ಸೊಪ್ಪು ಎಂದೂ ಕರೆದರು.

ನೆಟ್ಟು ಬೆಳೆಸಿದ ದೊಡ್ಡಪತ್ರೆ ಹೂ ಬಿಡುವುದೇ ಅಪರೂಪ, ಬೀಜ ಸಿಗುವುದು ಇನ್ನೂ ವಿರಳ. ಆದರೆ ನೀರು ತುಂಬಿದ ಅದರ ದಪ್ಪ ಕಾಂಡ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಪ್ರಯಾಣವನ್ನು ತಾಳಿಕೊಳ್ಳುತ್ತದೆ. ಗೇಣುದ್ದದ ಕಡ್ಡಿಯನ್ನು ಮಣ್ಣಿಗೆ ಚುಚ್ಚಿದರೆ ಕೆಲವೇ ವಾರಗಳಲ್ಲಿ ಬೇರೂರುತ್ತದೆ. ಹಾಗಾಗಿ ಇದರ ಪ್ರಸಾರದ ಚರಿತ್ರೆಯೆಂದರೆ ಮುಖ್ಯವಾಗಿ ಮನುಷ್ಯರು ಮನುಷ್ಯರಿಗೆ ಕಡ್ಡಿ ಮುರಿದುಕೊಟ್ಟ ಚರಿತ್ರೆ. ರಾಜರ ಶಾಸನಗಳಲ್ಲಿ ಇದನ್ನು ಹುಡುಕಬೇಕಾಗಿಲ್ಲ. ಅಡಿಗೆಮನೆಯ ಹೆಂಗಸರೇ ಇದರ ಚರಿತ್ರಕಾರರು.

ಕಡ್ಡಿ ಎಲ್ಲಿಯೂ ಬೇರೂರೀತು. ಹೆಸರು ಹಾಗಲ್ಲ, ಅದನ್ನು ಬಾಯಿಂದ ಬಾಯಿಗೇ ದಾಟಿಸಬೇಕು. ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳು ಇದನ್ನು 'ಅಜವಾಯಿನ್ ಪತ್ತಾ' ಎಂದಷ್ಟೇ ಬಲ್ಲವರಾದರೆ ಗಿಡಕ್ಕೇನೂ ನಷ್ಟವಿಲ್ಲ, ನಷ್ಟ ನಮ್ಮದು. ನೆರೆಮನೆಯವರಿಗೆ ಕಡ್ಡಿ ಕೊಡುವಾಗ ಮಕ್ಕಳ ಕೈಯಿಂದಲೇ ಕೊಡಿಸೋಣ. ದೊಡ್ಡಪತ್ರೆ ಎಂಬ ಹೆಸರನ್ನೂ ಅವರ ಬಾಯಿಂದಲೇ ಹೇಳಿಸೋಣ.